ಗಣಕೀಕೃತ ತೆರಿಗೆ ಲೆಕ್ಕದಲ್ಲಿ ‘ಒಟ್ಟು’ ಮೊತ್ತ: ಸದಸ್ಯರು ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ



ಸಾಮಾನ್ಯ ಸಭೆಯಲ್ಲಿ ಮಂಡಿಸಲಾಗುವ ಯಾವುದೇ ತಃಖ್ತೆಯಲ್ಲಿ ಎಲ್ಲರ ದೃಷ್ಟಿಯೂ ಮೊದಲು ಹೋಗುವುದು ಕೊನೆಯ ಸಾಲಿಗೆ. ಅಲ್ಲಿ ‘ಒಟ್ಟು’ ಎಂಬ ಪದವಿರುತ್ತದೆ, ಅದರ ಮುಂದೆ ಒಂದು ಅಂಕಿ ಇರುತ್ತದೆ. ಆ ಅಂಕಿಯನ್ನು ನೋಡಿಯೇ ಬೀದಿದೀಪದ ಕಾಮಗಾರಿಗೆ ಹಣವಿದೆಯೇ ಎಂಬುದು ತೀರ್ಮಾನವಾಗುತ್ತದೆ. ಕರವಸೂಲಿಗಾರರ ಕೆಲಸ ಚೆನ್ನಾಗಿದೆಯೇ ಇಲ್ಲವೇ ಎಂಬ ಚರ್ಚೆ ನಡೆಯುತ್ತದೆ. ಬಾಕಿ ಉಳಿಸಿಕೊಂಡವರೆಂದು ಕೆಲವರ ಮನೆಗೆ ನೋಟೀಸು ಹೋಗುತ್ತದೆ. ಹೀಗೆ ಒಂದು ಅಂಕಿಯ ಮೇಲೆ ಹಲವು ನಿರ್ಣಯಗಳು ನಿಂತಿರುತ್ತವೆ. ಆದರೆ ಆ ಅಂಕಿ ಹೇಗೆ ಬಂತು ಎಂದು ಸಭೆಯಲ್ಲಿ ಕೇಳುವವರು ಬಹಳ ವಿರಳ. ‘ಕಂಪ್ಯೂಟರಿನಿಂದ ಬಂದದ್ದು, ತಪ್ಪಿರಲಾರದು’ ಎಂಬ ಒಂದು ಮಾತಿಗೆ ಚರ್ಚೆ ಮುಗಿಯುತ್ತದೆ.

ಈ ಮಾತು ಅರ್ಧ ಸತ್ಯ. ಗಣಕಯಂತ್ರವು ಕೂಡುವುದರಲ್ಲಿ ತಪ್ಪುವುದಿಲ್ಲ. ಸಾವಿರ ಅಂಕಿಗಳನ್ನು ಕೊಟ್ಟರೂ ಕ್ಷಣದಲ್ಲಿ ಸರಿಯಾಗಿ ಕೂಡುತ್ತದೆ. ಆದರೆ ಯಾವ ಅಂಕಿಗಳನ್ನು ಕೂಡಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಒಂದೇ ಸಲ ಎಣಿಸಬೇಕು ಎಂಬುದನ್ನು ಅದಕ್ಕೆ ಮನುಷ್ಯನೇ ಹೇಳಬೇಕು. ‘ಒಟ್ಟು’ ಎಂಬುದು ಒಂದು ಪ್ರಶ್ನೆಗೆ ಯಂತ್ರ ಕೊಟ್ಟ ಉತ್ತರ. ಪ್ರಶ್ನೆ ತಪ್ಪಾಗಿದ್ದರೆ ಉತ್ತರವೂ ತಪ್ಪೇ, ಅಂಕಗಣಿತ ಎಷ್ಟೇ ಶುದ್ಧವಾಗಿರಲಿ. ಇಂದಿನ ಉಪನ್ಯಾಸದ ಸಾರವೆಲ್ಲ ಇಷ್ಟೇ.

1. ಹಳೆಯ ವಹಿ ಮತ್ತು ಹೊಸ ಕೋಷ್ಟಕ

ಹಳೆಯ ಬೇಡಿಕೆ, ವಸೂಲಿ ಮತ್ತು ಬಾಕಿ ವಹಿಯನ್ನು ಸದಸ್ಯರು ನೋಡಿರುತ್ತಾರೆ. ಒಂದು ಮನೆಗೆ ಒಂದು ಸಾಲು. ಹಿಂಬಾಕಿ ಎಷ್ಟು, ಚಾಲ್ತಿ ಸಾಲಿನ ಬೇಡಿಕೆ ಎಷ್ಟು, ಯಾವ ರಸೀದಿಯಲ್ಲಿ ಎಷ್ಟು ಪಾವತಿಯಾಗಿದೆ, ಉಳಿದದ್ದೆಷ್ಟು ಎಂಬುದೆಲ್ಲ ಅದೇ ಸಾಲಿನಲ್ಲಿ ಬರುತ್ತಿತ್ತು. ಮನೆಯವರು ಮೂರು ಕಂತಿನಲ್ಲಿ ಕಟ್ಟಿದರೆ ಮೂರು ರಸೀದಿ ಸಂಖ್ಯೆಗಳನ್ನು ಅದೇ ಅಂಕಣದಲ್ಲಿ ಒತ್ತೊತ್ತಾಗಿ ಬರೆಯುತ್ತಿದ್ದರು. ಪುಟದ ಕೊನೆಯಲ್ಲಿ ಪೆನ್ಸಿಲ್ಲಿನಲ್ಲಿ ಮೊತ್ತ ಹಾಕಿ, ಮುಂದಿನ ಪುಟದ ತಲೆಗೆ ಒಯ್ಯುತ್ತಿದ್ದರು. ಕೂಡುವಾಗ ತಪ್ಪಾಗುತ್ತಿತ್ತು, ನಿಜ. ಆದರೆ ಮೂರು ರಸೀದಿ ಇದೆಯೆಂದು ಆ ಮನೆಯ ಬೇಡಿಕೆಯನ್ನು ಮೂರು ಸಲ ಕೂಡುವ ತಪ್ಪನ್ನು ಯಾವ ಲೆಕ್ಕಿಗನೂ ಮಾಡುತ್ತಿರಲಿಲ್ಲ.

ಗಣಕಯಂತ್ರದ ದತ್ತಸಂಚಯದಲ್ಲಿ ಮಾಹಿತಿಯನ್ನು ಹೀಗೆ ಒಂದೇ ಸಾಲಿನಲ್ಲಿ ತುರುಕುವುದಿಲ್ಲ. ಆಸ್ತಿಗಳದ್ದು ಒಂದು ಕೋಷ್ಟಕ, ರಸೀದಿಗಳದ್ದು ಇನ್ನೊಂದು ಕೋಷ್ಟಕ. ಎರಡನ್ನೂ ಬೆಸೆಯುವುದು ಆಸ್ತಿ ಸಂಖ್ಯೆ. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧ ಈ ಪದ್ಧತಿಗೆ ಬುನಾದಿ ಹಾಕಿತು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು ಆ ದಶಕದಲ್ಲಿ ರೂಪಿಸಿದ ಭಾಷೆಯೇ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಸ್‌ಕ್ಯೂಎಲ್. ಇದರಲ್ಲಿ ಬಳಕೆದಾರರು ‘ನನಗೆ ಇಂಥದ್ದು ಬೇಕು’ ಎಂದು ಕೇಳುತ್ತಾರೆ. ಹೇಗೆ ಹುಡುಕಬೇಕೆಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಹಾಗೆ ಕೇಳುವುದಕ್ಕೆ ಕ್ವೆರಿ, ಅಂದರೆ ಪ್ರಶ್ನೆ, ಎಂದೇ ಹೆಸರು. ಮೊತ್ತಕ್ಕೆ ಸಮ್, ಎಣಿಕೆಗೆ ಕೌಂಟ್, ಸರಾಸರಿಗೆ ಆವರೇಜ್, ಕನಿಷ್ಠ ಹಾಗೂ ಗರಿಷ್ಠಕ್ಕೆ ಮಿನ್ ಮತ್ತು ಮ್ಯಾಕ್ಸ್: ಈ ಐದು ಆಜ್ಞೆಗಳಿಂದಲೇ ತಃಖ್ತೆಗಳ ಬಹುಪಾಲು ಅಂಕಿಗಳು ಹೊರಬರುತ್ತವೆ.

ರಾಜ್ಯದ ಪಂಚಾಯತಿಗಳಲ್ಲಿ ತೆರಿಗೆಯ ವ್ಯವಹಾರ ಪಂಚತಂತ್ರ ತಂತ್ರಾಂಶದ ಮೂಲಕ ನಡೆಯುತ್ತದೆ. ಅದರ ಒಳಗಿನ ಕ್ವೆರಿಗಳನ್ನು ಪಂಚಾಯತಿಯ ಸಿಬ್ಬಂದಿ ಬರೆಯುವುದಿಲ್ಲ. ಆದರೆ ಸಭೆಗೆ ಬರುವ ಎಲ್ಲ ಕಾಗದವೂ ತಂತ್ರಾಂಶದಿಂದ ನೇರವಾಗಿ ಬಂದಿರಬೇಕೆಂದಿಲ್ಲ. ಪಟ್ಟಿಯನ್ನು ಇಳಿಸಿಕೊಂಡು ಎಕ್ಸೆಲ್‌ನಲ್ಲಿಯೋ ಆಕ್ಸೆಸ್‌ನಲ್ಲಿಯೋ ಲಿಬ್ರೆ ಆಫೀಸ್ ಬೇಸ್‌ನಲ್ಲಿಯೋ ಇಟ್ಟು, ಸದಸ್ಯರು ಕೇಳಿದಂತೆ ಗ್ರಾಮವಾರು, ವಾರ್ಡುವಾರು ವಿಂಗಡಿಸಿ ಒಟ್ಟು ಹಾಕುವುದು ರೂಢಿಯಲ್ಲಿದೆ. ನೀರಿನ ಶುಲ್ಕ, ಮಳಿಗೆ ಬಾಡಿಗೆ ಮುಂತಾದವುಗಳಿಗೂ ಹೀಗೆಯೇ ಪಟ್ಟಿಗಳನ್ನು ಇಟ್ಟುಕೊಳ್ಳುವುದುಂಟು. ಮುಂದೆ ಹೇಳುವ ಎಚ್ಚರಿಕೆಗಳು ಮುಖ್ಯವಾಗಿ ಅಂತಹ ಸಂದರ್ಭಗಳಿಗೆ ಸಂಬಂಧಿಸಿದವು.

2. ಐದು ಮನೆಗಳ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಗ್ರಾಮದ ಐದು ಮನೆಗಳನ್ನು ತೆಗೆದುಕೊಳ್ಳಬಹುದು. ಹಾಳೆಯೊಂದರಲ್ಲಿ ಬರೆದುಕೊಂಡರೆ ಅನುಸರಿಸಲು ಸುಲಭ.

ಮನೆ 1: ಬೇಡಿಕೆ 1,200 ರೂ. ರಸೀದಿಗಳು ಎರಡು: 700 ಮತ್ತು 500. ಬಾಕಿ ಇಲ್ಲ.
ಮನೆ 2: ಬೇಡಿಕೆ 800 ರೂ. ರಸೀದಿ ಒಂದು: 800. ಬಾಕಿ ಇಲ್ಲ.
ಮನೆ 3: ಬೇಡಿಕೆ 1,500 ರೂ. ರಸೀದಿಗಳು ಮೂರು: 500, 500 ಮತ್ತು 250. ಬಾಕಿ 250.
ಮನೆ 4: ಬೇಡಿಕೆ 600 ರೂ. ರಸೀದಿ ಇಲ್ಲ. ಬಾಕಿ 600.
ಮನೆ 5: ಬೇಡಿಕೆ 900 ರೂ. ರಸೀದಿ ಒಂದು: 400. ಬಾಕಿ 500.

ಒಟ್ಟು ಬೇಡಿಕೆ 5,000 ರೂ., ವಸೂಲಿ 3,650 ರೂ., ಬಾಕಿ 1,350 ರೂ. ವಸೂಲಿಯ ಪ್ರಮಾಣ ಶೇ. 73. ಕೈಲೆಕ್ಕದಲ್ಲಿ ಇದರ ಬಗ್ಗೆ ಯಾವ ಅನುಮಾನವೂ ಇಲ್ಲ.

3. ಕೋಷ್ಟಕಗಳನ್ನು ಜೋಡಿಸಿದಾಗ ಆಗುವ ದ್ವಿಗುಣ ಎಣಿಕೆ

ಈಗ ಇದೇ ಮಾಹಿತಿಯನ್ನು ಎರಡು ಕೋಷ್ಟಕಗಳಲ್ಲಿ ಇಟ್ಟು, ಆಸ್ತಿ ಸಂಖ್ಯೆಯ ಆಧಾರದ ಮೇಲೆ ಅವೆರಡನ್ನೂ ಜೋಡಿಸಿ, ಬೇಡಿಕೆ ಮತ್ತು ವಸೂಲಿ ಎರಡನ್ನೂ ಕೂಡುವಂತೆ ಒಂದೇ ಕ್ವೆರಿ ಬರೆಯಲಾಗಿದೆ ಎಂದುಕೊಳ್ಳಬೇಕು. ಹೊಸದಾಗಿ ಕಲಿತವರು ಸಾಮಾನ್ಯವಾಗಿ ಬರೆಯುವುದು ಹೀಗೆಯೇ.

ಯಂತ್ರವು ಪ್ರತಿ ರಸೀದಿಯ ಪಕ್ಕದಲ್ಲಿ ಆ ಮನೆಯ ಬೇಡಿಕೆಯನ್ನು ಮತ್ತೆ ಮತ್ತೆ ಬರೆಯುತ್ತದೆ. ಮನೆ 1ಕ್ಕೆ ಎರಡು ರಸೀದಿ ಇರುವುದರಿಂದ 1,200 ಎರಡು ಸಲ ಬರುತ್ತದೆ. ಮನೆ 3ಕ್ಕೆ ಮೂರು ರಸೀದಿ. 1,500 ಮೂರು ಸಲ. ಮನೆ 4ಕ್ಕೆ ರಸೀದಿಯೇ ಇಲ್ಲ; ಜೋಡಿ ಸಿಗದ ಕಾರಣ ಆ ಮನೆ ಪಟ್ಟಿಯಿಂದಲೇ ಮಾಯವಾಗುತ್ತದೆ. ಐದು ಮನೆಗಳ ಜಾಗದಲ್ಲಿ ಏಳು ಸಾಲುಗಳು. ಒಟ್ಟು ಬೇಡಿಕೆ 2,400, 800, 4,500 ಮತ್ತು 900 ಸೇರಿ 8,600 ರೂ. ಆಗುತ್ತದೆ. ವಸೂಲಿ ಮಾತ್ರ ಸರಿಯಾಗಿ 3,650 ರೂ. ಬಾಕಿ 4,950 ರೂ. ವಸೂಲಿಯ ಪ್ರಮಾಣ ಶೇ. 73ರಿಂದ ಸುಮಾರು ಶೇ. 42ಕ್ಕೆ ಇಳಿಯುತ್ತದೆ.

ಕರವಸೂಲಿಗಾರರಿಗೆ ಆಗುವ ಅನ್ಯಾಯ ಇದರಲ್ಲಿ ಒಂದು ಭಾಗ ಮಾತ್ರ. ಇದೇ ಕ್ವೆರಿಯಿಂದ ಮನೆವಾರು ಬಾಕಿದಾರರ ಪಟ್ಟಿ ತೆಗೆದರೆ ಏನಾಗುತ್ತದೆಂಬುದನ್ನು ನೋಡಬೇಕು. ಮನೆ 1ರವರು ಪೂರ್ತಿ ಕಟ್ಟಿದ್ದಾರೆ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 1,200 ರೂ. ಬಾಕಿ. ಮನೆ 3ರವರ ನಿಜವಾದ ಬಾಕಿ 250 ರೂ.; ಪಟ್ಟಿಯಲ್ಲಿ 3,250 ರೂ. ಒಂದು ರೂಪಾಯಿಯನ್ನೂ ಕಟ್ಟದ ಮನೆ 4ರವರ ಹೆಸರು ಪಟ್ಟಿಯಲ್ಲೇ ಇಲ್ಲ. ಒಂದೇ ಸಲಕ್ಕೆ ಕಟ್ಟಿದವರ ಲೆಕ್ಕ ಮಾತ್ರ ಸರಿಯಾಗಿದೆ.

ಕಂತಿನಲ್ಲಿ ತೆರಿಗೆ ಕಟ್ಟುವವರು ಯಾರು ಎಂಬುದನ್ನು ಸದಸ್ಯರಿಗೆ ಹೇಳಬೇಕಾಗಿಲ್ಲ. ಕೂಲಿಯ ಹಣ ಕೈಗೆ ಬಂದಾಗ ಇನ್ನೂರು, ಹಾಲಿನ ಬಟವಾಡೆಯಾದಾಗ ಐನೂರು ಎಂದು ತಂದು ಕಟ್ಟುವ ಕುಟುಂಬಗಳು ಅವು. ಕ್ವೆರಿಯ ಈ ಒಂದು ದೋಷವು ಕಷ್ಟಪಟ್ಟು ಕಟ್ಟಿದವರನ್ನು ದೊಡ್ಡ ಬಾಕಿದಾರರನ್ನಾಗಿ ತೋರಿಸಿ, ಕಟ್ಟದವರನ್ನು ಮರೆಮಾಚುತ್ತದೆ. ಕಂತುಗಳು ಹೆಚ್ಚಿದಷ್ಟೂ ಸುಳ್ಳು ಬಾಕಿ ಹೆಚ್ಚುತ್ತದೆ. ನೋಟೀಸು ಹಿಡಿದು ಕಚೇರಿಗೆ ಬಂದವರ ಕೈಯಲ್ಲಿ ಹಳೆಯ ರಸೀದಿಗಳು ಉಳಿದಿಲ್ಲದಿದ್ದರೆ ಅವರ ಮಾತನ್ನು ನಂಬುವವರು ಯಾರು?

ಇನ್ನೊಂದು ಸಂಗತಿ ಗಮನಾರ್ಹ. ಇಲ್ಲಿ ವಸೂಲಿಯ ಮೊತ್ತ ಸರಿಯಾಗಿಯೇ ಇರುವುದರಿಂದ ಅದು ನಗದು ಪುಸ್ತಕದೊಂದಿಗೆ ತಾಳೆಯಾಗುತ್ತದೆ. ಬೇಡಿಕೆಯಿಂದ ವಸೂಲಿಯನ್ನು ಕಳೆದರೆ ಪಟ್ಟಿಯ ಬಾಕಿಯೇ ಬರುತ್ತದೆ. ಹೀಗೆ ಎರಡು ತಾಳೆಗಳನ್ನು ದಾಟಿ ತಪ್ಪು ಮುಂದೆ ಹೋಗುತ್ತದೆ. ಅದನ್ನು ಹಿಡಿಯುವುದು ಎರಡೇ ಪ್ರಶ್ನೆಗಳು: ಪಟ್ಟಿಯಲ್ಲಿರುವ ಸಾಲುಗಳೆಷ್ಟು, ಪಂಚಾಯತಿಯಲ್ಲಿರುವ ಆಸ್ತಿಗಳೆಷ್ಟು? ಒಟ್ಟು ಬೇಡಿಕೆಯು ವರ್ಷದ ಆರಂಭದಲ್ಲಿ ನಿಗದಿಯಾದ ಬೇಡಿಕೆಗೆ ಸಮನಾಗಿದೆಯೇ?

ಸರಿಯಾದ ಕ್ರಮವು ಎರಡು ಹಂತದ್ದು. ಮೊದಲು ರಸೀದಿಗಳ ಕೋಷ್ಟಕವನ್ನು ಮಾತ್ರ ತೆಗೆದುಕೊಂಡು, ಆಸ್ತಿ ಸಂಖ್ಯೆಯ ಮೇಲೆ ಗುಂಪು ಮಾಡಿ, ಮನೆಗೊಂದರಂತೆ ವಸೂಲಿಯ ಮೊತ್ತ ತೆಗೆಯಬೇಕು. ಅನಂತರ ಆ ಫಲಿತಾಂಶವನ್ನು ಬೇಡಿಕೆಯ ಕೋಷ್ಟಕಕ್ಕೆ ಜೋಡಿಸಬೇಕು. ಜೋಡಿಸುವಾಗ ‘ಬೇಡಿಕೆ ಕೋಷ್ಟಕದ ಎಲ್ಲ ಸಾಲುಗಳೂ ಬರಲಿ, ರಸೀದಿ ಇರಲಿ ಇಲ್ಲದಿರಲಿ’ ಎಂಬ ಆಯ್ಕೆಯನ್ನು ನೀಡಬೇಕು. ಇದಕ್ಕೆ ಲೆಫ್ಟ್ ಜಾಯಿನ್ ಎಂದು ಹೆಸರು. ಆಗ ಐದು ಮನೆಗೆ ಐದೇ ಸಾಲು; ಮನೆ 4 ಕೂಡ ಪಟ್ಟಿಯಲ್ಲಿ ಉಳಿಯುತ್ತದೆ.

ಇದೇ ಜಾತಿಗೆ ಸೇರಿದ ಇನ್ನೊಂದು ತಪ್ಪಿದೆ. ‘1,000 ರೂ.ಗಿಂತ ಹೆಚ್ಚು ತೆರಿಗೆ ಕಟ್ಟಿದವರ ಪಟ್ಟಿ ಕೊಡಿ’ ಎಂದು ಸಭೆ ಕೇಳುತ್ತದೆ. ನಿಬಂಧನೆಯನ್ನು ಕೂಡುವ ಮೊದಲೇ ಹಾಕಿದರೆ ಯಂತ್ರವು ಒಂದೊಂದು ರಸೀದಿಯನ್ನು ಬೇರೆಬೇರೆಯಾಗಿ ನೋಡುತ್ತದೆ, 1,000 ರೂ. ಮೀರಿದ ರಸೀದಿ ಒಂದೂ ಇಲ್ಲ, ಆದ್ದರಿಂದ ಪಟ್ಟಿ ಖಾಲಿ. ಕೂಡಿದ ಮೇಲೆ ನಿಬಂಧನೆ ಹಾಕಿದರೆ ಮನೆ 1 ಮತ್ತು ಮನೆ 3 ಬರುತ್ತವೆ. ಮೊದಲಿನದಕ್ಕೆ ವೇರ್ ಎಂಬ ಪದ, ಎರಡನೆಯದಕ್ಕೆ ಹ್ಯಾವಿಂಗ್ ಎಂಬ ಪದ. ಇಲ್ಲಿಯೂ ಕಂತಿನವರೇ ಕಾಣದಾಗುತ್ತಾರೆ.

4. ಖಾಲಿ ಅಂಕಣ ಮತ್ತು ಸೊನ್ನೆ

ದತ್ತಸಂಚಯದಲ್ಲಿ ಏನೂ ಬರೆಯದೆ ಬಿಟ್ಟ ಅಂಕಣಕ್ಕೆ ನಲ್ ಎಂದು ಹೆಸರು. ಅದು ಸೊನ್ನೆಯಲ್ಲ. ಸೊನ್ನೆ ಎಂದರೆ ‘ಏನೂ ಕಟ್ಟಿಲ್ಲ’ ಎಂಬ ಖಚಿತ ಮಾಹಿತಿ. ಖಾಲಿ ಎಂದರೆ ‘ತಿಳಿದಿಲ್ಲ’. ತಿಳಿಯದ ಮೊತ್ತವನ್ನು 600ರಿಂದ ಕಳೆದರೆ ಎಷ್ಟು ಉಳಿಯುತ್ತದೆಂದು ಯಂತ್ರವನ್ನು ಕೇಳಿದರೆ ಅದು ‘ತಿಳಿದಿಲ್ಲ’ ಎಂದೇ ಉತ್ತರಿಸುತ್ತದೆ.

ಮನೆ 4ರ ವಸೂಲಿ ಅಂಕಣ ಖಾಲಿಯಾಗಿದ್ದರೆ ಅದರ ಬಾಕಿಯ ಅಂಕಣವೂ ಖಾಲಿಯಾಗುತ್ತದೆ. ಆದರೆ ಬಾಕಿಯ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಕೂಡುವಾಗ ಸಮ್ ಆಜ್ಞೆಯು ಖಾಲಿ ಜಾಗಗಳನ್ನು ಸದ್ದಿಲ್ಲದೆ ಹಾರಿಸಿ ಮುಂದುವರಿಯುತ್ತದೆ. ಯಾವ ದೋಷದ ಸೂಚನೆಯೂ ಬರುವುದಿಲ್ಲ. ಒಟ್ಟು ಬಾಕಿ 250 ಮತ್ತು 500 ಸೇರಿ 750 ರೂ. ಎಂದು ಬರುತ್ತದೆ. ನಿಜವಾದ ಬಾಕಿ 1,350 ರೂ. ಕಟ್ಟದವರ ಪೂರ್ತಿ ಬಾಕಿಯೇ ಲೆಕ್ಕದಿಂದ ಹೊರಗುಳಿಯಿತು.

ಈ ತಪ್ಪನ್ನು ಹಿಡಿಯಲು ಅಡ್ಡ ತಾಳೆ ಸಾಕು. ಒಟ್ಟು ಬೇಡಿಕೆಯಿಂದ ಒಟ್ಟು ವಸೂಲಿಯನ್ನು ಕಳೆದರೆ 5,000ದಿಂದ 3,650 ಹೋಗಿ 1,350. ಬಾಕಿಯ ಅಂಕಣವನ್ನು ಕೂಡಿದರೆ 750. ಎರಡು ದಾರಿಯಲ್ಲಿ ಬಂದ ಉತ್ತರಗಳು ಬೇರೆಯಾದರೆ ಎಲ್ಲೋ ಖಾಲಿ ಅಂಕಣವಿದೆ ಎಂದು ತಿಳಿಯಬೇಕು. ಪರಿಹಾರವೂ ಸರಳ: ಖಾಲಿ ಇದ್ದರೆ ಸೊನ್ನೆ ಎಂದು ಭಾವಿಸು ಎಂಬ ಸೂಚನೆಯನ್ನು ಕ್ವೆರಿಯಲ್ಲಿಯೇ ಕೊಡಬೇಕು. ಆಕ್ಸೆಸ್‌ನಲ್ಲಿ ಇದಕ್ಕೆ ಎನ್‌ಝಡ್ ಎಂಬ ಸೂತ್ರವೂ ಎಸ್‌ಕ್ಯೂಎಲ್‌ನಲ್ಲಿ ಕೋಅಲೆಸ್ ಎಂಬ ಸೂತ್ರವೂ ಇವೆ.

ಸರಾಸರಿಯಲ್ಲಿ ಇದೇ ತೊಡಕು ಇನ್ನೂ ಹೆಚ್ಚು ಮೋಸ ಮಾಡುತ್ತದೆ. ಐದು ಮನೆಗಳ ಸರಾಸರಿ ವಸೂಲಿ 730 ರೂ. ಆದರೆ ಖಾಲಿ ಬಿಟ್ಟ ಮನೆಯನ್ನು ಎಣಿಕೆಗೇ ತೆಗೆದುಕೊಳ್ಳದ ಯಂತ್ರ ನಾಲ್ಕರಿಂದ ಭಾಗಿಸಿ 912 ರೂ. 50 ಪೈಸೆ ಎನ್ನುತ್ತದೆ. ವಸೂಲಿ ಉತ್ತಮವಾಗಿದೆ ಎಂದು ಸಭೆ ಸಂತೋಷಪಡುತ್ತದೆ.

5. ನಮೂನೆಯ ಅಡಿಯಲ್ಲಿ ಕಾಣುವ ಒಟ್ಟು

ಪರದೆಯ ಮೇಲೆ ಮಾಹಿತಿ ತುಂಬಲು ಬಳಸುವ ಪುಟಕ್ಕೆ ನಮೂನೆ ಅಥವಾ ಫಾರ್ಮ್ ಎನ್ನುತ್ತಾರೆ. ಅದರ ಅಡಿಭಾಗದಲ್ಲಿ ಒಟ್ಟು ಮೊತ್ತದ ಚೌಕವೊಂದನ್ನು ಇಡುವುದು ವಾಡಿಕೆ. ಈ ಚೌಕದ ಸ್ವಭಾವದ ಬಗ್ಗೆ ಮೂರು ಮಾತುಗಳು ತಿಳಿದಿರಬೇಕು.

ಮೊದಲನೆಯದಾಗಿ, ಆ ಚೌಕವು ಪರದೆಗೆ ಆಯ್ದುಕೊಂಡ ಸಾಲುಗಳನ್ನು ಮಾತ್ರ ಕೂಡುತ್ತದೆ. ಯಾರೋ ಒಬ್ಬರು ಬೆಳಿಗ್ಗೆ ಒಂದು ಗ್ರಾಮದ ಮಾಹಿತಿ ನೋಡಲು ಸೋಸುವಿಕೆ ಹಾಕಿ, ಅದನ್ನು ತೆಗೆಯದೆ ಬಿಟ್ಟಿದ್ದರೆ, ಸಂಜೆ ಮುದ್ರಿಸಿದ ಹಾಳೆಯಲ್ಲಿ ಆ ಒಂದು ಗ್ರಾಮದ ಒಟ್ಟು ಮಾತ್ರ ಇರುತ್ತದೆ. ತಲೆಬರಹದಲ್ಲಿ ಮಾತ್ರ ‘ಗ್ರಾಮ ಪಂಚಾಯತಿಯ ಒಟ್ಟು ವಸೂಲಿ’ ಎಂದು ಹಾಗೆಯೇ ಇರುತ್ತದೆ.

ಎರಡನೆಯದಾಗಿ, ಈಗತಾನೇ ಬೆರಳಚ್ಚು ಮಾಡಿದ ರಸೀದಿಯು ಉಳಿಸಲ್ಪಡುವವರೆಗೆ ಒಟ್ಟಿಗೆ ಸೇರುವುದಿಲ್ಲ. ಕೊನೆಯ ರಸೀದಿಯನ್ನು ಉಳಿಸದೆಯೇ ಮೊತ್ತವನ್ನು ಬರೆದುಕೊಂಡರೆ ದಿನದ ಲೆಕ್ಕ ಅಷ್ಟಕ್ಕೆ ಕಡಿಮೆಯಾಗಿ, ಸಿಬ್ಬಂದಿಯ ಕೈಯಲ್ಲಿರುವ ನಗದು ಹೆಚ್ಚಾಗಿ ಕಾಣುತ್ತದೆ. ಕಾರಣ ತಿಳಿಯದವರು ಇದನ್ನು ಅನುಮಾನದಿಂದ ನೋಡುವ ಸಂಭವವಿದೆ.

ಮೂರನೆಯದು ಸಿಬ್ಬಂದಿಗೆ ಹೆಚ್ಚು ಸಂಬಂಧಿಸಿದ್ದು. ಆಕ್ಸೆಸ್‌ನಲ್ಲಿ ಒಂದು ಚೌಕವು ಬೇಡಿಕೆಯಿಂದ ವಸೂಲಿಯನ್ನು ಕಳೆದು ಬಾಕಿ ತೋರಿಸುತ್ತಿದ್ದರೆ, ಅಡಿಯಲ್ಲಿ ಆ ಚೌಕದ ಹೆಸರನ್ನೇ ಕೊಟ್ಟು ಕೂಡಲು ಬರುವುದಿಲ್ಲ. ದೋಷವೆಂಬ ಬರಹ ಕಾಣಿಸಿಕೊಳ್ಳುತ್ತದೆ. ಸಮ್ ಆಜ್ಞೆಗೆ ಮೂಲ ಅಂಕಣಗಳೇ ಬೇಕು. ಆದ್ದರಿಂದ ಕಳೆಯುವ ಸೂತ್ರವನ್ನು ಸಮ್ ಒಳಗೇ ಮತ್ತೊಮ್ಮೆ ಬರೆಯಬೇಕು, ಅಥವಾ ಬಾಕಿಯನ್ನು ಕ್ವೆರಿಯಲ್ಲಿಯೇ ಲೆಕ್ಕ ಹಾಕಿ ನಮೂನೆಗೆ ಒದಗಿಸಬೇಕು. ದೋಷ ಕಂಡಾಗ ಆ ಜಾಗದಲ್ಲಿ ಕೈಯಿಂದ ಅಂಕಿಯನ್ನು ತುಂಬಿ ಕೆಲಸ ಮುಗಿಸುವುದು ಸಲ್ಲದು.

ಕೈಯಿಂದ ತುಂಬಿದ ಅಥವಾ ಒಮ್ಮೆ ಲೆಕ್ಕ ಹಾಕಿ ಕೋಷ್ಟಕದಲ್ಲಿ ಶಾಶ್ವತವಾಗಿ ಉಳಿಸಿದ ಒಟ್ಟು ಅಪಾಯಕಾರಿ. ಚೆಕ್ ಅಮಾನ್ಯವಾಗಿ ರಸೀದಿ ರದ್ದಾಗುತ್ತದೆ. ಮೂಲದ ಅಂಕಿ ಬದಲಾಗುತ್ತದೆ. ಉಳಿಸಿಟ್ಟ ಒಟ್ಟು ಮಾತ್ರ ಹಳೆಯದೇ ಇರುತ್ತದೆ. ಮೂಲ ಮಾಹಿತಿಯನ್ನು ಉಳಿಸಬೇಕು, ಒಟ್ಟನ್ನು ಬೇಕಾದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಬೇಕು ಎಂಬುದು ದತ್ತಸಂಚಯ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸಭೆಗೆ ಮಂಡಿಸಿದ ತಃಖ್ತೆಯ ಮೇಲೆ ಮಾತ್ರ ‘ಇಂತಹ ದಿನಾಂಕದ ಇಂತಹ ವೇಳೆಗೆ ಇದ್ದಂತೆ’ ಎಂದು ಮುದ್ರಿಸಿದರೆ ಮುಂದಿನ ಗೊಂದಲ ತಪ್ಪುತ್ತದೆ.

6. ಹೆಸರು, ದಿನಾಂಕ ಮತ್ತು ಪೈಸೆ

ಗ್ರಾಮವಾರು ಒಟ್ಟು ತೆಗೆಯುವಾಗ ಯಂತ್ರವು ಹೆಸರಿನ ಅಕ್ಷರಗಳನ್ನು ಹೋಲಿಸಿ ಗುಂಪು ಮಾಡುತ್ತದೆ. ‘ಹೊಸಹಳ್ಳಿ’ ಮತ್ತು ‘ಹೊಸ ಹಳ್ಳಿ’ ಮನುಷ್ಯನಿಗೆ ಒಂದೇ ಊರು, ಯಂತ್ರಕ್ಕೆ ಎರಡು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ತೆರಪು ಸೇರಿಕೊಂಡರೂ ಗುಂಪು ಒಡೆಯುವುದುಂಟು. ಒಂದು ಭಾಗ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿಯೂ ಇನ್ನೊಂದು ಭಾಗ ಯೂನಿಕೋಡ್‌ನಲ್ಲಿಯೂ ಇದ್ದರೆ, ಕಾಗದದ ಮೇಲೆ ಒಂದೇ ರೀತಿ ಕಾಣುವ ಹೆಸರುಗಳು ಒಳಗೆ ಸಂಪೂರ್ಣ ಬೇರೆಯಾಗಿರುತ್ತವೆ. ಇಡೀ ಪಂಚಾಯತಿಯ ಒಟ್ಟು ಸರಿಯಾಗಿಯೇ ಇರುತ್ತದೆ, ಆದರೆ ಒಂದು ಊರಿನ ವಸೂಲಿ ಎರಡು ಕಡೆ ಹಂಚಿಹೋಗಿ ಆ ವಾರ್ಡಿನ ಸದಸ್ಯರು ಸಭೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಗ್ರಾಮಕ್ಕೆ ಒಂದು ಸಂಕೇತ ಸಂಖ್ಯೆ ಕೊಟ್ಟು, ಅದರ ಮೇಲೆ ಗುಂಪು ಮಾಡುವುದೇ ಇದಕ್ಕೆ ಮದ್ದು.

ಅಂಕಿಯನ್ನು ಪಠ್ಯವಾಗಿ ತುಂಬಿದಾಗಲೂ ತೊಂದರೆಯಿದೆ. ಪಠ್ಯದ ಅಂಕಣದಲ್ಲಿರುವ 700 ಮತ್ತು 500ರ ನಡುವೆ ಕೂಡುವ ಚಿಹ್ನೆ ಹಾಕಿದರೆ ಆಕ್ಸೆಸ್ ಅವುಗಳನ್ನು ಅಕ್ಷರಗಳಂತೆ ಅಂಟಿಸಿ 700500 ಎಂದು ತೋರಿಸುತ್ತದೆ. ಮೊತ್ತದ ಅಂಕಣವನ್ನು ಹಣದ ಮಾದರಿಯದೆಂದು ಮೊದಲೇ ನಿಗದಿಪಡಿಸಿರಬೇಕು.

ಆರ್ಥಿಕ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ರಸೀದಿಯ ದಿನಾಂಕದೊಡನೆ ವೇಳೆಯೂ ದಾಖಲಾಗುತ್ತಿದ್ದಲ್ಲಿ, ‘ಮಾರ್ಚ್ 31ರವರೆಗೆ’ ಎಂದು ಕೇಳಿದ ಕ್ವೆರಿಯು ಅದನ್ನು ಮಾರ್ಚ್ 31ರ ಮಧ್ಯರಾತ್ರಿ, ಅಂದರೆ ಆ ದಿನ ಆರಂಭವಾಗುವ ಕ್ಷಣದವರೆಗೆ, ಎಂದು ಅರ್ಥೈಸುತ್ತದೆ. ವರ್ಷದ ಕೊನೆಯ ದಿನ ಸರತಿಯಲ್ಲಿ ನಿಂತು ಕಟ್ಟಿದವರ ಹಣವೆಲ್ಲ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ‘ಏಪ್ರಿಲ್ 1ಕ್ಕಿಂತ ಮೊದಲು’ ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಪೈಸೆಯ ವಿಷಯವೂ ಅಲ್ಪವಲ್ಲ. ಮನೆ ತೆರಿಗೆಯ ಮೇಲೆ ಗ್ರಂಥಾಲಯ ಕರ ಶೇ. 6. ತೆರಿಗೆ 110 ರೂ. ಇದ್ದರೆ ಕರ 6 ರೂ. 60 ಪೈಸೆ, ಪೂರ್ಣಾಂಕಕ್ಕೆ ತಂದರೆ 7 ರೂ. ಅಂತಹ ಸಾವಿರ ಮನೆಗಳಿದ್ದರೆ ರಸೀದಿಗಳ ಪ್ರಕಾರ 7,000 ರೂ. ಒಟ್ಟು ತೆರಿಗೆಯಾದ 1,10,000 ರೂ.ಗೆ ನೇರವಾಗಿ ಶೇ. 6 ಹಾಕಿದರೆ 6,600 ರೂ. ವ್ಯತ್ಯಾಸ 400 ರೂ. ಯಾರೂ ಹಣ ತೆಗೆದಿಲ್ಲ, ಯಾರೂ ತಪ್ಪು ಕೂಡಿಲ್ಲ. ಎಲ್ಲಿ ಪೂರ್ಣಾಂಕಕ್ಕೆ ತಂದರು ಎಂಬುದಷ್ಟೇ ಬೇರೆ. ರಸೀದಿಯಲ್ಲಿ ಬರೆದ ಅಂಕಿಯನ್ನೇ ಕೂಡಬೇಕು. ಒಟ್ಟಿನ ಮೇಲೆ ಮತ್ತೆ ಶೇಕಡಾವಾರು ಹಾಕಬಾರದು.

7. ಸಭೆಯಲ್ಲಿ ಸದಸ್ಯರು ಕೇಳಬಹುದಾದದ್ದು

ಸದಸ್ಯರು ಕ್ವೆರಿ ಬರೆಯಲು ಕಲಿಯಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಒಟ್ಟು ಮೊತ್ತವಿರುವ ತಃಖ್ತೆ ಮುಂದೆ ಬಂದಾಗ ಈ ಕೆಳಗಿನ ಐದು ಪ್ರಶ್ನೆಗಳನ್ನು ಕೇಳುವ ಹಕ್ಕು ಅವರಿಗಿದೆ, ಅದು ಅವರ ಹೊಣೆಯೂ ಹೌದು.

ಒಂದು: ಪಟ್ಟಿಯಲ್ಲಿ ಎಷ್ಟು ಸಾಲುಗಳಿವೆ? ಅದು ಆಸ್ತಿಗಳ ಸಂಖ್ಯೆಗೆ ಸಮನಾಗಿದೆಯೇ?
ಎರಡು: ಒಟ್ಟು ಬೇಡಿಕೆಯು ಹಿಂಬಾಕಿ ಮತ್ತು ಚಾಲ್ತಿ ಬೇಡಿಕೆಯ ನಿಗದಿತ ಮೊತ್ತದೊಂದಿಗೆ ತಾಳೆಯಾಗುತ್ತದೆಯೇ?
ಮೂರು: ಒಟ್ಟು ವಸೂಲಿಯು ನಗದು ಪುಸ್ತಕ ಮತ್ತು ಬ್ಯಾಂಕ್ ಖಾತೆಯೊಂದಿಗೆ ತಾಳೆಯಾಗುತ್ತದೆಯೇ? ರದ್ದಾದ ರಸೀದಿಗಳನ್ನು ಕಳೆಯಲಾಗಿದೆಯೇ?
ನಾಲ್ಕು: ಬೇಡಿಕೆಯಿಂದ ವಸೂಲಿ ಕಳೆದ ಮೊತ್ತವೂ ಬಾಕಿ ಅಂಕಣವನ್ನು ಕೂಡಿದ ಮೊತ್ತವೂ ಒಂದೇ ಆಗಿವೆಯೇ?
ಐದು: ಇದು ಯಾವ ದಿನಾಂಕದವರೆಗಿನ, ಯಾವ ಗ್ರಾಮಗಳ ಲೆಕ್ಕ?

ಒಂದೊಂದು ಪ್ರಶ್ನೆಯೂ ಒಂದೊಂದು ಬಗೆಯ ತಪ್ಪನ್ನು ಹಿಡಿಯುತ್ತದೆ. ಒಂದು ತಾಳೆಯನ್ನು ದಾಟಿದ ತಪ್ಪು ಇನ್ನೊಂದರಲ್ಲಿ ಸಿಕ್ಕಿಬೀಳುವುದರಿಂದ ಐದನ್ನೂ ಕೇಳುವುದು ಅಗತ್ಯ. ಇವಕ್ಕೆ ಉತ್ತರಿಸಲು ಕಾರ್ಯದರ್ಶಿಗಳಿಗಾಗಲಿ ಲೆಕ್ಕ ಸಹಾಯಕರಿಗಾಗಲಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಪ್ರಶ್ನೆ ಕೇಳುವುದನ್ನು ಸಿಬ್ಬಂದಿಯ ಪ್ರಾಮಾಣಿಕತೆಯ ಮೇಲಿನ ಸಂಶಯವೆಂದು ಭಾವಿಸಬೇಕಾಗಿಯೂ ಇಲ್ಲ. ಮೇಲೆ ಹೇಳಿದ ಯಾವ ತಪ್ಪಿನಲ್ಲಿಯೂ ಯಾರ ದುರುದ್ದೇಶವೂ ಇಲ್ಲ. ತಾಳೆ ಕೇಳುವ ಸಭೆಯಿದ್ದರೆ ಪ್ರಾಮಾಣಿಕ ಸಿಬ್ಬಂದಿಗೇ ಹೆಚ್ಚಿನ ರಕ್ಷಣೆ.

ಇದಲ್ಲದೆ ಮೂರು ಮನೆಗಳ ಪರೀಕ್ಷೆಯೊಂದನ್ನು ರೂಢಿಸಿಕೊಳ್ಳಬಹುದು. ಬಾಕಿದಾರರ ಪಟ್ಟಿಗೆ ಸಹಿ ಬೀಳುವ ಮುನ್ನ ಮೂರು ಮನೆಗಳನ್ನು ಆರಿಸಬೇಕು: ಕಂತಿನಲ್ಲಿ ಕಟ್ಟಿದ ಒಂದು ಮನೆ, ಏನೂ ಕಟ್ಟದ ಒಂದು ಮನೆ, ಮಾರ್ಚ್ 31ರಂದು ಕಟ್ಟಿದ ಒಂದು ಮನೆ. ರಸೀದಿ ಪುಸ್ತಕವನ್ನು ಮುಂದಿಟ್ಟುಕೊಂಡು ಆ ಮೂರರ ಲೆಕ್ಕವನ್ನು ಕೈಯಲ್ಲಿ ಕೂಡಿ ಪಟ್ಟಿಯೊಂದಿಗೆ ಹೋಲಿಸಬೇಕು. ಮೂರೂ ಸರಿಯಾಗಿದ್ದರೆ ಪಟ್ಟಿಯನ್ನು ಬಹುಮಟ್ಟಿಗೆ ನಂಬಬಹುದು. ಒಂದು ತಪ್ಪಿದರೂ ನೋಟೀಸುಗಳನ್ನು ತಡೆಹಿಡಿದು ಕ್ವೆರಿಯನ್ನು ಸರಿಪಡಿಸಬೇಕು. ಜಮಾಬಂದಿಯ ಸಂದರ್ಭದಲ್ಲಿಯೂ ಲೆಕ್ಕಪರಿಶೋಧನೆಯ ಮುನ್ನವೂ ಈ ಪರೀಕ್ಷೆ ಉಪಯುಕ್ತ.

ತೆರಿಗೆಯ ಬಾಕಿ ಎಂಬುದು ಕಚೇರಿಗೆ ಒಂದು ಅಂಕಿ. ಊರಿನಲ್ಲಿ ಅದು ಒಂದು ಮನೆಯ ಮರ್ಯಾದೆ. ಕಟ್ಟಿದ ಹಣಕ್ಕೆ ಮತ್ತೆ ನೋಟೀಸು ಬಂದ ಮನೆಯವರು ಮುಂದಿನ ವರ್ಷ ಮನಸ್ಸಿಟ್ಟು ಕಟ್ಟುವುದು ಕಷ್ಟ. ಹಾಗೆ ಕಳೆದುಹೋದ ವಿಶ್ವಾಸ ಯಾವ ತಃಖ್ತೆಯ ಕೊನೆಯ ಸಾಲಿನಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಬಾಕಿದಾರರ ಪಟ್ಟಿ ಬಂದಾಗ ಸದಸ್ಯರು ‘ಒಟ್ಟು ಎಷ್ಟು?’ ಎಂದು ಕೇಳುವ ಮೊದಲು ‘ಸಾಲುಗಳೆಷ್ಟು, ಮನೆಗಳೆಷ್ಟು?’ ಎಂದು ಕೇಳಲಿ ಎಂಬ ಕೋರಿಕೆಯೊಂದಿಗೆ ಈ ಉಪನ್ಯಾಸ ಮುಕ್ತಾಯವಾಗುತ್ತದೆ.